ಚಡಪಡಿಯ ಕೇಂದ್ರ ಪಾತ್ರ

ಕೆಲವು ಪದಗಳನ್ನು ಔಷಧಿ ಬಾಟಲಿಯ ಹಾಗೆ ಕೈಗೆಟುಕದ ಕಪಾಟಿನಲ್ಲಿ ಇಡಬೇಕು ಎನ್ನುವುದು ನನ್ನ ಬಹುಕಾಲದ ಅಭಿಪ್ರಾಯ. ‘ಕೇಂದ್ರ’ ಎನ್ನುವುದು ಅಂಥದ್ದೊಂದು ಪದ. ಭಾಷಣ ಮಾಡುವವರು ಅದನ್ನು ಬಳಸುತ್ತಾರೆ, ವೇದಿಕೆಯಿಂದ ಇಳಿಯುತ್ತಾರೆ, ಮರೆತು ಮನೆಗೆ ಹೋಗಿ ಊಟ ಮಾಡುತ್ತಾರೆ. ಅವರಿಗೆ ಏನೂ ಆಗುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಯಾವುದರ ಕೇಂದ್ರವೂ ಆಗಿರದ ಒಬ್ಬ ಮನುಷ್ಯನನ್ನು ಹಿಡಿದು, ‘ನೀನೇ ಕೇಂದ್ರ ಕಣಯ್ಯ’ ಎಂದುಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಮನುಷ್ಯನನ್ನು ಕಚೇರಿಯಲ್ಲಿ ಎಲ್ಲರೂ ಚಡಪಡಿ ಎಂದೇ ಕರೆಯುತ್ತಿದ್ದರು. ನೀರು ಸರಬರಾಜು ಕಚೇರಿಯ ಮೀಟರ್ ವಿಭಾಗದಲ್ಲಿ ನನ್ನ ಪಕ್ಕದ ಮೇಜು ಅವನದು. ಮನೆಗಳಿಂದ ಕೆಟ್ಟು ಬಂದ ನೀರಿನ ಮೀಟರುಗಳನ್ನು ಬಿಚ್ಚಿ, ತುಕ್ಕು ಒರೆಸಿ, ಮುಳ್ಳು ನೆಟ್ಟಗೆ ತಿರುಗುತ್ತದೆಯೇ ಎಂದು ನೋಡಿ ವಾಪಸ್ ಕಳಿಸುವುದು ಅವನ ಕೆಲಸ. ಕೆಲಸದಲ್ಲಿ ಕುಂದಿರಲಿಲ್ಲ. ಕುಂದೆಲ್ಲ ಇದ್ದದ್ದು ಬಲಗಾಲಿನಲ್ಲಿ. ಕೂತರೆ ಅದು ಕುಣಿಯುತ್ತಿತ್ತು, ನಿಂತರೆ ಅವನನ್ನು ಎಲ್ಲಿಗಾದರೂ ಎಳೆದುಕೊಂಡು ಹೋಗುತ್ತಿತ್ತು. ಅವನ ಮೇಜಿನ ಮೇಲಿಟ್ಟ ಮೀಟರುಗಳು ನೀರೇ ಇಲ್ಲದೆ ಓಡುತ್ತಿವೆ ಎಂದು ದೂರು ಬಂದು, ತನಿಖೆ ನಡೆದು, ಮೇಜನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿಸಿದರು. ಅದಾದ ಮೇಲೆ ಗೋಡೆಯ ಗಡಿಯಾರ ಓರೆಯಾಗತೊಡಗಿತು.

ನಾನು ಅವನ ಮನೆಯ ಕೆಳಗಿನ ಮಹಡಿಯಲ್ಲೇ ಇರುವವನು. ಹಾಗಾಗಿ ಅವನ ಕಾಲಿನ ಸದ್ದು ನನಗೆ ಹಗಲು ಪಕ್ಕದಿಂದಲೂ ಸಂಜೆ ಮೇಲಿನಿಂದಲೂ ಕೇಳುತ್ತಿತ್ತು. ಅವನಿಗಿದ್ದ ಒಂದೇ ಒಂದು ಕೊರಗು ಏನೆಂಬುದೂ ನನಗೆ ಗೊತ್ತಿತ್ತು. ಅದು ಅವನ ಅತ್ತೆಯ ಮನೆಯ ಹಜಾರದಲ್ಲಿ ತೂಗುಹಾಕಿದ್ದ ಒಂದು ಫೋಟೋ. ಅವನ ಮದುವೆಯಾದ ವರ್ಷ ತೆಗೆಸಿದ್ದು. ನಡುವೆ ಅತ್ತೆಯ ಹಿರಿಮಗ, ಕಂಟ್ರಾಕ್ಟರ್, ಎದೆಯುಬ್ಬಿಸಿಕೊಂಡು ನಿಂತಿದ್ದಾನೆ. ಅವನ ಎರಡೂ ಕಡೆ ಬಂಧುಬಳಗ. ಮುಂದೆ ಬೆಕ್ಕು. ಬಲತುದಿಯಲ್ಲಿ ಒಂದು ಕಿವಿ, ಅರ್ಧ ಮೀಸೆ, ಒಂದು ಭುಜ. ಅದೇ ಚಡಪಡಿ. ಮನೆಗೆ ಯಾರೇ ಬರಲಿ, ಅತ್ತೆ ಬೆರಳು ಇಟ್ಟು ತೋರಿಸುತ್ತಿದ್ದರು. ‘ಇವನು ನನ್ನ ಹಿರಿಮಗ, ಇವಳು ಸೊಸೆ, ಇದು ನಮ್ಮ ಬೆಕ್ಕು...’ ಬೆರಳು ಬಲಗಡೆಗೆ ಬರುತ್ತಾ ಬರುತ್ತಾ ಆಯಾಸಗೊಂಡು, ಕಿವಿಯ ಹತ್ತಿರ ಬರುವ ಮುಂಚೆಯೇ ಕೆಳಗಿಳಿದುಬಿಡುತ್ತಿತ್ತು. ಆ ಬೆರಳು ಒಂದೇ ಒಂದು ಸಲ ತನ್ನ ಮೇಲೆ ನಿಲ್ಲಬೇಕು. ಬಡಪಾಯಿಗೆ ಬದುಕಿನಿಂದ ಬೇಕಾಗಿದ್ದದ್ದು ಅಷ್ಟೇ.

ಇಂಥ ಪರಿಸ್ಥಿತಿಯಲ್ಲಿ ಇಲಾಖೆಯ ವಾರ್ಷಿಕೋತ್ಸವ ಬಂತು.

ವಾರ್ಷಿಕೋತ್ಸವಕ್ಕೆ ನಾಟಕ ಬರೆಯುವವನು, ಆಡಿಸುವವನು, ಆಮೇಲೆ ಬೈಸಿಕೊಳ್ಳುವವನು ಎಲ್ಲ ನಮ್ಮ ಸ್ಟೋರ್ ಕೀಪರ್. ನಲ್ಲಿ, ಪೈಪು, ವಾಷರುಗಳ ನಡುವೆ ಕೂತು ಅವನು ಬರೆದ ಆ ವರ್ಷದ ನಾಟಕ ‘ನಡುಮನೆಯ ರಹಸ್ಯ’. ನನಗೆ ಎಂದಿನ ಹಾಗೆ ಪರದೆಯ ಪಕ್ಕ ನಿಂತು, ಮಾತು ಮರೆತವರಿಗೆ ಪಿಸುಗುಡುವ ಕೆಲಸ. ಪಾತ್ರ ಹಂಚುವ ದಿನ ಎಲ್ಲ ಪಾತ್ರಗಳಿಗೂ ಜಗಳವಾಯಿತು. ಒಂದು ಪಾತ್ರ ಮಾತ್ರ ಯಾರಿಗೂ ಬೇಡವಾಗಿ ಉಳಿಯಿತು. ಚಡಪಡಿಯೂ ಉಳಿದಿದ್ದ. ಹಿಂದಿನ ವರ್ಷ ಅವನಿಗೆ ದೂತನ ಪಾತ್ರ ಕೊಟ್ಟಿದ್ದರು. ಕಾಯುವ ತಾಳ್ಮೆ ಸಾಲದೆ, ಯುದ್ಧ ಶುರುವಾಗುವ ಮುಂಚೆಯೇ ವೇದಿಕೆಗೆ ಬಂದು ಸೋತ ಸುದ್ದಿ ಹೇಳಿ ಹೋಗಿದ್ದ. ಅಂದಿನಿಂದ ಅವನಿಗೆ ಮಾತಿರುವ ಪಾತ್ರ ಕೊಡಬಾರದೆಂದು ಕಚೇರಿಯಲ್ಲಿ ತೀರ್ಮಾನವಾಗಿತ್ತು.

ಸ್ಟೋರ್ ಕೀಪರ್ ಒಳ್ಳೆಯವನು. ಇರುವ ವಿಷಯವನ್ನು ಮೆತ್ತಗೆ ಹೇಳೋಣವೆಂದು ಅವನ ಹೆಗಲ ಮೇಲೆ ಕೈಹಾಕಿದ.

“ಬೇಜಾರು ಮಾಡ್ಕೋಬೇಡಪ್ಪ. ಈ ಸಲ ನಿಂದೇ ಕೇಂದ್ರ ಪಾತ್ರ. ಇಡೀ ನಾಟಕ ನಿನ್ನ ಸುತ್ತಾನೇ ತಿರುಗುತ್ತೆ. ಆದ್ರೆ ಒಂದು ವಿಷಯ...”

‘ಆದ್ರೆ’ ಎನ್ನುವ ಹೊತ್ತಿಗೆ ಹೆಗಲು ಅವನ ಕೈಯ ಕೆಳಗೆ ಇರಲಿಲ್ಲ. ಚಡಪಡಿ ಗೇಟು ದಾಟಿ ರಸ್ತೆಗೆ ಬಿದ್ದಿದ್ದ. ಒಂದು ವಾಕ್ಯವನ್ನು ಕೊನೆಯವರೆಗೆ ಕೇಳಿಸಿಕೊಳ್ಳುವ ಅಭ್ಯಾಸ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ.

ನಾನು ಮನೆಗೆ ಬರುವ ಹೊತ್ತಿಗೆ ಮೆಟ್ಟಿಲ ಮೇಲೆಯೇ ಗಂಡಹೆಂಡಿರ ಸಂಭಾಷಣೆ ನಡೆದಿತ್ತು.

“ಕೇಂದ್ರ ಪಾತ್ರ ಅಂದ್ರೇನ್ರೀ?” ಎಂದು ಹೆಂಡತಿ ಕೇಳುತ್ತಿದ್ದಳು.

“ಅಂದ್ರೆ... ನಾನಿಲ್ಲ ಅಂದ್ರೆ ನಾಟಕಾನೇ ಇಲ್ಲ.”

“ರಾಜನಾ?”

“ರಾಜ ಎಲ್ಲಿ, ನಾನೆಲ್ಲಿ! ರಾಜ ಬರ್ತಾನೆ, ಹೋಗ್ತಾನೆ. ಕೇಂದ್ರ ಅಂದ್ರೆ ಎಲ್ಲರೂ ನನ್ನ ಸುತ್ತ.”

ಹೆಂಡತಿ ಅಲ್ಲೇ ನಿಂತು ತಾಯಿಗೆ ಫೋನು ಮಾಡಿದಳು. “ಅಮ್ಮಾ, ನಾಟಕದಲ್ಲಿ ಇವರೇ ಕೇಂದ್ರ ಪಾತ್ರ... ಹೂಂ, ಇವರೇ... ಹೂಂ ಅಮ್ಮ, ನಮ್ಮನೆಯವರೇ... ಇಲ್ಲ, ಜ್ವರ ಏನಿಲ್ಲ, ಚೆನ್ನಾಗೇ ಇದ್ದಾರೆ.” ಆ ಕಡೆಯಿಂದ ಅತ್ತೆಯ ದನಿ ನನಗೂ ಸ್ಪಷ್ಟವಾಗಿ ಕೇಳಿಸಿತು. ಅದು ಫೋನಿನ ಅವಶ್ಯಕತೆ ಇಲ್ಲದ ದನಿ. “ಹಾಗಾದ್ರೆ ಎಲ್ಲರೂ ಬರ್ತೀವಿ. ಮುಂದಿನ ಸಾಲು ಹಿಡಿದಿಡು. ನಿಮ್ಮಣ್ಣನ್ನೂ ಕರ್ಕೊಂಡು ಬರ್ತೀನಿ. ಅವನೂ ನೋಡ್ಲಿ.”

ಮರುದಿನ ಮೊದಲ ತಾಲೀಮು. ಕಚೇರಿ ಮುಗಿದ ಮೇಲೆ ಸ್ಟೋರ್ ರೂಮಿನಲ್ಲಿ ಪೈಪುಗಳನ್ನು ಒಂದು ಕಡೆ ಸರಿಸಿ ಜಾಗ ಮಾಡಿದ್ದರು. ಚಡಪಡಿ ಹೊಸ ಅಂಗಿ ಹಾಕಿಕೊಂಡು ಬಂದಿದ್ದ.

“ನನ್ನ ಮಾತೆಲ್ಲಿದೆ?” ಎಂದು ಸ್ಟೋರ್ ಕೀಪರನನ್ನು ಕೇಳಿದ.

“ನಿಂಗೆ ಮಾತಿಲ್ಲ.”

“ಮೂಕನ ಪಾತ್ರಾನಾ?”

“ಅಲ್ಲ.”

“ಮತ್ತೆ?”

“ಸತ್ತಿದ್ದೀಯ.”

“ಯಾವಾಗ?”

“ತೆರೆ ಏಳೋಕೆ ಮುಂಚೆ.”

ಚಡಪಡಿ ಹೊಸ ಅಂಗಿಯ ಕಾಲರು ಸರಿಮಾಡಿಕೊಂಡ. “ಕೊನೇಲಿ ಬದುಕ್ತೀನಾ?”

“ಇಲ್ಲಪ್ಪ.”

“ಸಾಯೋದನ್ನಾದ್ರೂ ತೋರಿಸಬಹುದಲ್ಲ? ಚೆನ್ನಾಗಿ ಸಾಯ್ತೀನಿ.”

“ಅದು ನಾಟಕ ಶುರುವಾಗೋಕೆ ಮುಂಚೆ ನಡೆದುಹೋಗಿರೋ ಘಟನೆ. ನೀನು ಶ್ರೀಮಂತ. ನಡುಮನೇಲಿ ಹೆಣವಾಗಿ ಬಿದ್ದಿದ್ದೀಯ. ಕೊಂದೋರು ಯಾರು ಅಂತ ಪತ್ತೆ ಮಾಡೋದೇ ನಾಟಕ.”

“ಹಾಗಾದ್ರೆ ಕೇಂದ್ರ ಪಾತ್ರ ಅಂದಿದ್ದು ಸುಳ್ಳಾ?”

ಸ್ಟೋರ್ ಕೀಪರನಿಗೆ ಸಿಟ್ಟು ಬಂತು. ಬರೆದವನಿಗೆ ತನ್ನ ನಾಟಕದ ಮೇಲೆ ಅಭಿಮಾನ ಇರುವುದು ಸಹಜ. “ಸುಳ್ಳು ಯಾಕೆ ಹೇಳ್ಲಿ? ಇನ್‌ಸ್ಪೆಕ್ಟರ್ ಯಾಕೆ ಬರ್ತಾನೆ? ನೀನು ಸತ್ತಿದ್ದಕ್ಕೆ. ಹೆಂಡ್ತಿ ಯಾಕೆ ಅಳ್ತಾಳೆ? ನೀನು ಸತ್ತಿದ್ದಕ್ಕೆ. ಅಡುಗೆಯವನು ಯಾಕೆ ನಡುಗ್ತಾನೆ? ನೀನು ಸತ್ತಿದ್ದಕ್ಕೆ. ನೀನು ಸಾಯದೇ ಇದ್ದಿದ್ರೆ ಇವರೆಲ್ಲ ಅವರವರ ಮನೇಲಿ ಇರ್ತಿದ್ರು. ಇದಕ್ಕಿಂತ ಕೇಂದ್ರ ಇನ್ನೇನಯ್ಯ ಬೇಕು?”

ಇನ್‌ಸ್ಪೆಕ್ಟರ್ ಪಾತ್ರ ಮಾಡುತ್ತಿದ್ದವನು ಬಿಲ್ ವಿಭಾಗದ ಗುಮಾಸ್ತ. ಅವನು ಕೂಡಲೇ ಆಕ್ಷೇಪ ಎತ್ತಿದ. “ಪುಟಗಟ್ಟಲೆ ಮಾತು ಉರು ಹೊಡೀತಿರೋನು ನಾನು. ಬಿದ್ಕೊಂಡಿರೋನು ಹೇಗೆ ಕೇಂದ್ರ ಆಗ್ತಾನೆ?”

“ನೀನು ನಾಯಕ.”

“ನಾಯಕ ದೊಡ್ಡೋನೋ, ಕೇಂದ್ರ ದೊಡ್ಡದೋ? ಅದು ತೀರ್ಮಾನ ಆಗ್ಲಿ, ಆಮೇಲೆ ಟೋಪಿ ಹಾಕ್ತೀನಿ.”

ಅಂದು ತಾಲೀಮು ನಡೆಯಲಿಲ್ಲ. ಮರುದಿನ ಕಚೇರಿಯಲ್ಲಿ ಎರಡು ಪಕ್ಷಗಳಾದವು. ಅತಿ ಹೆಚ್ಚು ಮಾತಾಡುವವನೇ ಕೇಂದ್ರ ಎಂದು ಬಿಲ್ ವಿಭಾಗ. ಯಾರ ಬಗ್ಗೆ ಎಲ್ಲರೂ ಮಾತಾಡುತ್ತಾರೋ ಅವನೇ ಕೇಂದ್ರ ಎಂದು ಮೀಟರ್ ವಿಭಾಗ. ಸಾರ್ವಜನಿಕರು ಅರ್ಜಿ ಹಿಡಿದು ಕಿಟಕಿಯಲ್ಲಿ ನಿಂತಿದ್ದರು. ನಿಂತು ನಿಂತು ಅವರಲ್ಲೂ ಕೆಲವರು ಪಕ್ಷ ಸೇರಿಕೊಂಡರು.

ಗಲಾಟೆ ಸಾಹೇಬರ ಕಿವಿಗೆ ಬಿತ್ತು. ಸ್ಟೋರ್ ಕೀಪರನಿಗೆ ಕರೆ ಬಂತು. ಒಂದು ಬಲ ಇರಲಿ ಎಂದು ಅವನು ನನ್ನನ್ನೂ ಎಳೆದುಕೊಂಡು ಹೋದ.

“ನಾಟಕದಲ್ಲಿ ಕೇಂದ್ರ ಪಾತ್ರ ಅಂತ ಒಂದಿದ್ಯಂತೆ?” ಎಂದರು ಸಾಹೇಬರು.

“ಇದೆ ಸಾರ್.”

“ಅದನ್ನ ಮೀಟರ್ ವಿಭಾಗಕ್ಕೆ ಕೊಟ್ಟಿದ್ದೀರಂತೆ. ನನ್ನ ಗಮನಕ್ಕೆ ತಂದಿಲ್ಲ.”

“ಸಾರ್, ಅದು...”

“ಈ ಕಚೇರಿಯ ಕೇಂದ್ರ ಯಾರು?”

“ತಾವೇ ಸಾರ್.”

“ಮತ್ತೆ?” ಎಂದು ಸಾಹೇಬರು ಕುರ್ಚಿಯಲ್ಲಿ ಒರಗಿದರು. ಶಾಲೆಯಲ್ಲಿದ್ದಾಗ ತಾವೂ ಬಣ್ಣ ಹಚ್ಚಿದ್ದುಂಟು ಎಂಬರ್ಥದ ಒಂದು ನಗೆ ಅವರ ಮುಖದ ಮೇಲೆ ಹಾದುಹೋಯಿತು.

“ಸಾರ್, ಅದು ಹೆಣದ ಪಾತ್ರ,” ಎಂದ ಸ್ಟೋರ್ ಕೀಪರ್. “ತಾವು ಆಗ್ತೀರಿ ಅಂದ್ರೆ ಇಡೀ ಕಚೇರಿ ಒಂದೇ ದನಿಯಲ್ಲಿ ಒಪ್ಪುತ್ತೆ ಸಾರ್.”

ಸಾಹೇಬರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಅದರಲ್ಲಿ ಭಕ್ತಿಯ ಹೊರತು ಬೇರೇನೂ ಕಾಣಲಿಲ್ಲ. “ಬೇಡ,” ಎಂದರು ಕೊನೆಗೆ. “ಯೋಗ್ಯತೆ ನೋಡಿಯೇ ಕೊಟ್ಟಿರ್ತೀರಿ. ಹಾಗೇ ಇರ್ಲಿ.”

ಹೀಗೆ ಚಡಪಡಿಯ ಕೇಂದ್ರಸ್ಥಾನಕ್ಕೆ ಇಲಾಖೆಯ ಮಂಜೂರಾತಿ ಸಿಕ್ಕಿತು. ಆದರೆ ಮನೆಯಲ್ಲಿ ಹೇಳುವ ಧೈರ್ಯ ಅವನಿಗಿರಲಿಲ್ಲ. ಹೆಂಡತಿ ಆಗಲೇ ಇಡೀ ಬೀದಿಗೆ ಸಾರಿಯಾಗಿತ್ತು. ಹಾಲಿನವನು ‘ಏನು ಹೀರೋ’ ಎನ್ನುತ್ತಿದ್ದ. ಕ್ಷೌರದಂಗಡಿಯವನು ಪಾತ್ರಕ್ಕೆ ತಕ್ಕಂತೆ ಕೂದಲು ಕತ್ತರಿಸುತ್ತೇನೆ, ಯಾವ ಕಾಲದ ನಾಟಕ ಹೇಳಿ ಎಂದು ಪೀಡಿಸುತ್ತಿದ್ದ. “ಒಂದು ಡೈಲಾಗ್ ಹೇಳಿ” ಎಂದು ಯಾರಾದರೂ ಕೇಳಿದರೆ, ಚಡಪಡಿ ಗಂಭೀರವಾಗಿ, “ಇದು ಮೌನದಲ್ಲಿ ನಿಲ್ಲೋ ಪಾತ್ರ” ಎಂದು ಹೇಳಿ ಅಲ್ಲಿಂದ ಓಡುತ್ತಿದ್ದ.

ಅಷ್ಟರಲ್ಲಿ ಇನ್ನೊಂದು ತೊಂದರೆ ಶುರುವಾಯಿತು. ಹೆಣ ಅಲುಗಾಡುತ್ತಿತ್ತು.

ತಾಲೀಮಿನಲ್ಲಿ ಬಿಳಿ ಹೊದಿಕೆಯ ಕೆಳಗೆ ಮಲಗಿಸಿದರೆ, ನಾಟಕದ ಹೆಂಡತಿ ಒಂದು ಸಾಲು ಅಳುವಷ್ಟರಲ್ಲಿ ಹೊದಿಕೆಯ ಬಲಭಾಗ ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಕುಣಿಯತೊಡಗುತ್ತಿತ್ತು. ಇನ್‌ಸ್ಪೆಕ್ಟರ್ ‘ಸತ್ತು ಬಹಳ ಹೊತ್ತಾಗಿದೆ’ ಎನ್ನುವಾಗ ಹೆಣ ಮೂಗು ಕೆರೆದುಕೊಳ್ಳುತ್ತಿತ್ತು. ಕಾಲಿನ ಮೇಲೆ ಪೈಪು ಹೇರಿ ನೋಡಿದರು, ಪೈಪುಗಳು ಗಣಗಣ ಎಂದವು. ಕೊನೆಗೆ ಸ್ಟೋರ್ ಕೀಪರ್ ಕೈಮುಗಿದ. “ನೋಡಪ್ಪ, ಆ ದಿನ ನೀನು ಅಲುಗಾಡಲ್ಲ ಅಂತ ನಂಗೆ ನಂಬಿಕೆ ಬರ್ಬೇಕು. ಇಲ್ದಿದ್ರೆ ನಿನ್ನ ಜಾಗದಲ್ಲಿ ಎರಡು ದಿಂಬು ಇಟ್ಟು ಹೊದಿಕೆ ಮುಚ್ತೀನಿ.”

ಅಂದು ಸಂಜೆ ಚಡಪಡಿ ನನ್ನ ಮನೆಗೆ ಬಂದು ಕೂತ. ಕುರ್ಚಿ ನನ್ನ ಕಣ್ಣೆದುರೇ ಬಾಗಿಲಿನಿಂದ ಕಿಟಕಿಯವರೆಗೆ ಸರಿಯಿತು.

“ಹೆಣ ಅಂತ ಗೊತ್ತಾದ್ರೆ ಅತ್ತೆ ನಗ್ತಾರೆ. ನಗ್ಲಿ, ತಡ್ಕೋತೀನಿ,” ಎಂದ. “ಆದ್ರೆ ಹೆಣಾನೂ ಆಗಕ್ಕಾಗ್ಲಿಲ್ಲ, ದಿಂಬು ಇಟ್ರು ಅಂತ ಗೊತ್ತಾದ್ರೆ? ಆ ಭಾವ ಸಾಯೋತನಕ ನನ್ನನ್ನ ದಿಂಬು ಅಂತಾನೇ ಕರೀತಾನೆ ಕಣೋ.”

ಅವನ ಕಣ್ಣಲ್ಲಿ ನೀರಿತ್ತು. ನನಗೂ ಸಂಕಟವಾಯಿತು. ಉಪಾಯ ಹೊಳೆಯದೆ, ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರ ಬಳಿಗೆ ಕರೆದುಕೊಂಡು ಹೋದೆ. ಯಾವ ಸಮಸ್ಯೆ ತಂದರೂ ಅದನ್ನು ತ್ರಿಕೋನವನ್ನೋ ವೃತ್ತವನ್ನೋ ಮಾಡಿ ಬಿಡಿಸುವುದು ಅವರ ಅಭ್ಯಾಸ. ಅವರು ಪೂರ್ತಿ ಕೇಳಿ, ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟು, ದಾರ ಹಿಡಿದು ಸುತ್ತ ದೊಡ್ಡ ವೃತ್ತ ಎಳೆದರು.

“ಕೇಂದ್ರ ಅಂದ್ರೆ ಇದು,” ಎಂದರು ಚುಕ್ಕೆಯನ್ನು ತೋರಿಸಿ. “ಇದಕ್ಕೆ ಉದ್ದ ಇಲ್ಲ, ಅಗಲ ಇಲ್ಲ, ತೂಕ ಇಲ್ಲ. ಇದು ಏನು ಮಾಡುತ್ತೆ ಹೇಳಿ?”

“ಏನೂ ಮಾಡಲ್ಲ,” ಎಂದ ಚಡಪಡಿ.

“ಅಲ್ಲೇ ನೀವು ತಪ್ಪಿದ್ದು! ಇದು ಅಲುಗಾಡದೆ ಇರುತ್ತೆ. ಅದೇ ಇದರ ಕೆಲಸ. ಸುತ್ತೋರು ಸುತ್ತಲಿ, ಕುಣಿಯೋರು ಕುಣೀಲಿ. ಇದು ಕೂದಲೆಳೆಯಷ್ಟು ಜರುಗಿತೋ, ಇಡೀ ವೃತ್ತ ಮೊಟ್ಟೆ ಆಗಿಹೋಗುತ್ತೆ.”

ಚಡಪಡಿ ಆ ಚುಕ್ಕೆಯನ್ನು ಬಾಯಿ ತೆರೆದು ನೋಡುತ್ತಾ ನಿಂತ. ಯಾರೂ ಅವನಿಗೆ ಸುಮ್ಮನಿರುವುದನ್ನು ಒಂದು ಕೆಲಸವೆಂದು ಹೇಳಿಕೊಟ್ಟಿರಲಿಲ್ಲ. ‘ಸುಮ್ನಿರು’ ಎಂದು ಬೈದವರೇ ಎಲ್ಲರೂ. ಮನೆಗೆ ಹೋಗಿ ಅವನು ಅಭ್ಯಾಸ ಶುರುಮಾಡಿದ. ನಡುಮನೆಯಲ್ಲಿ ಹೊದಿಕೆ ಹೊದ್ದು ಮಲಗಿ, ‘ಚುಕ್ಕೆ, ಚುಕ್ಕೆ’ ಎಂದು ಗೊಣಗುತ್ತಿದ್ದ. ಹೆಂಡತಿ ಗಾಬರಿಯಾಗಿ ಕೇಳಿದರೆ, “ಪಾತ್ರದ ಒಳಗೆ ಇಳೀತಾ ಇದ್ದೀನಿ” ಎನ್ನುತ್ತಿದ್ದ. ಕಾಲು ಮಾತ್ರ ಗಣಿತಕ್ಕೆ ಬಗ್ಗಲಿಲ್ಲ. ಕೊನೆಯ ತಾಲೀಮಿನವರೆಗೂ ಅದು ಕುಣಿಯುತ್ತಲೇ ಇತ್ತು. ಸ್ಟೋರ್ ಕೀಪರ್ ಎರಡು ದಿಂಬುಗಳನ್ನು ಪರದೆಯ ಹಿಂದೆ ತಂದು ಸಿದ್ಧವಾಗಿಟ್ಟ.

ನಾಟಕದ ದಿನ ಸಂಜೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಒಂದು ಕಡೆ ಸಾಹೇಬರು, ಇನ್ನೊಂದು ಕಡೆ ಚಡಪಡಿಯ ಅತ್ತೆ, ಹೆಂಡತಿ, ಕಂಟ್ರಾಕ್ಟರ್ ಭಾವ ಮತ್ತು ಬಂಧುಬಳಗ. ಪರದೆಯ ಹಿಂದೆ ಚಡಪಡಿ ನನ್ನ ಕೈ ಹಿಡಿದುಕೊಂಡ. “ಚುಕ್ಕೆ,” ಎಂದ. “ಚುಕ್ಕೆ,” ಎಂದೆ ನಾನು. ಅವನು ಹೋಗಿ ಮಲಗಿದ. ಹೊದಿಕೆ ಮುಚ್ಚಿದರು. ತೆರೆ ಎದ್ದಿತು.

ಅಡುಗೆಯವನು ಬಂದು ಕಿರುಚಿದ. ಅತ್ತೆ ಮಗಳನ್ನು ಕೇಳಿದರು. ಪಿಸುಮಾತೆಂದು ಅವರು ತಿಳಿದಿದ್ದದ್ದು ಕೊನೆಯ ಸಾಲಿಗೂ ಕೇಳಿಸಿತು. “ಇವರಾ?”

“ಅಲ್ಲಮ್ಮ, ಬರ್ತಾರೆ ಇರು.”

ಶ್ರೀಮಂತನ ಹೆಂಡತಿ ಬಂದು ಅತ್ತಳು. ತಮ್ಮ ಬಂದು ಹಲ್ಲು ಕಡಿದ. ವಕೀಲ ಬಂದು ಕೆಮ್ಮಿದ. “ಇವರಾ?” “ಅಲ್ಲಮ್ಮ.” “ಮತ್ತೆ ಇವರಾ?” “ಅಲ್ಲಮ್ಮ, ಕೇಂದ್ರ ಪಾತ್ರ ಅಲ್ವಾ, ಅಷ್ಟು ಬೇಗ ಬರಲ್ಲ.” ಇನ್‌ಸ್ಪೆಕ್ಟರ್ ಬಂದಾಗ ಅತ್ತೆ ಕನ್ನಡಕ ಸರಿಮಾಡಿಕೊಂಡರು. ಅದೂ ಅಳಿಯನಲ್ಲ. ಕಂಟ್ರಾಕ್ಟರ್ ಆಕಳಿಸಿ, “ಟಿಕೆಟ್ ಹರಿಯೋ ಕಡೆ ಇದ್ದಾನೇನೋ ನೋಡು,” ಎಂದ.

ಇನ್‌ಸ್ಪೆಕ್ಟರ್ ಗಂಭೀರವಾಗಿ ಹೆಣದ ಹತ್ತಿರ ಹೋದ. ಹೊದಿಕೆಯನ್ನು ಮುಖದಿಂದ ಸರಿಸಿದ. ಸುತ್ತ ನಿಂತವರನ್ನು ನೋಡಿ ತನ್ನ ಮಾತು ಹೇಳಿದ. “ಈ ಹೆಣದ ಗುರುತು ಯಾರಾದರೂ ಹಿಡಿಯುತ್ತೀರಾ?”

“ಅಯ್ಯೋ, ನಮ್ಮ ಅಳಿಯಂದಿರು!” ಎಂದರು ಅತ್ತೆ ಮುಂದಿನ ಸಾಲಿನಿಂದ.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕಂಟ್ರಾಕ್ಟರ್ ತೊಡೆ ತಟ್ಟಿಕೊಂಡು, “ಇದಾ ಕೇಂದ್ರ ಪಾತ್ರ? ಹೆಣ! ಹೆಣ!” ಎಂದು ಕೂಗಿದ. ಚಡಪಡಿಯ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಪರದೆಯ ಪಕ್ಕದಿಂದ ಇಣುಕಿದೆ. ಇಷ್ಟು ನಗೆಗೆ ಆ ಕಾಲು ಎಷ್ಟು ಜೋರಾಗಿ ಕುಣಿಯುತ್ತಿದೆಯೋ ಎಂದು ನೋಡಿದೆ.

ಕಾಲು ನಿಂತಿತ್ತು.

ನಾನು ಕಣ್ಣುಜ್ಜಿಕೊಂಡು ನೋಡಿದೆ. ಹೊದಿಕೆಯ ಬಲತುದಿ ಗೋಡೆಗೆ ಬಳಿದ ಸುಣ್ಣದ ಹಾಗೆ ನಿಶ್ಚಲವಾಗಿತ್ತು. ಮುಂದಿನ ಮಾತು ಹೇಳಿಕೊಡುವುದು ನನಗೆ ಮರೆತೇಹೋಯಿತು. ಮಾತು ಸಿಗದೆ ಇನ್‌ಸ್ಪೆಕ್ಟರ್ ನಿಂತ. ಆ ಮೌನದಲ್ಲಿ ಅತ್ತೆ ಎದ್ದು ನಿಂತದ್ದು ಎಲ್ಲರಿಗೂ ಕಾಣಿಸಿತು. ಅವರು ನಗುತ್ತಿರಲಿಲ್ಲ.

“ಕಾಲು ನೋಡೋ,” ಎಂದರು ಮಗನಿಗೆ.

“ಯಾಕಮ್ಮ?”

“ಕುಣೀತಿಲ್ಲ. ಮದುವೆ ಮಾತಿಗೆ ಬಂದಾಗಿಂದ ಇವತ್ತಿನ ತನಕ ಆ ಕಾಲು ನಿಂತಿದ್ದು ನಾನು ನೋಡಿಲ್ಲ.”

ಹೆಂಡತಿ ಸೆರಗು ತೆಗೆದು ನೋಡಿದಳು. “ಅಯ್ಯೋ ಅಮ್ಮಾ, ನಿದ್ದೇಲೂ ನಿಲ್ಲಲ್ಲ ಅದು!” ಎಂದು ಚೀರಿದಳು.

ಮುಂದಿನದು ಬಹಳ ಬೇಗ ನಡೆಯಿತು. ಅತ್ತೆ ವೇದಿಕೆ ಹತ್ತಿದರು. ಹಿಂದೆ ಹೆಂಡತಿ, ಅವಳ ಹಿಂದೆ ಇಡೀ ಬಂಧುಬಳಗ. ‘ಭೇಷ್’ ಎನ್ನಲು ಬಾಯಿ ತೆರೆದಿದ್ದ ಸ್ಟೋರ್ ಕೀಪರ್ ಕಾಲು ನೋಡಿ ಬಾಯಿ ಹಾಗೇ ಬಿಟ್ಟ. ಇನ್‌ಸ್ಪೆಕ್ಟರ್ ಟೋಪಿ ತೆಗೆದ. ಅದುವರೆಗೆ ಸುಳ್ಳುಸುಳ್ಳಾಗಿ ಅಳುತ್ತಿದ್ದ ನಾಟಕದ ಹೆಂಡತಿ ನಿಜವಾಗಿ ಅಳತೊಡಗಿದಳು. ಸಾಹೇಬರು ತಮ್ಮ ಜಾಗದಲ್ಲೇ ನಿಂತು, “ಇದು ಕಚೇರಿ ವೇಳೆ ಅಲ್ಲ. ಎಲ್ಲರೂ ನೆನಪಿಟ್ಕೊಳ್ಳಿ, ಕಚೇರಿ ವೇಳೆ ಅಲ್ಲ,” ಎಂದರು. ಯಾರೋ “ನೀರು, ನೀರು!” ಎಂದು ಕೂಗಿದರು. ನೀರು ಸರಬರಾಜು ಇಲಾಖೆಯ ಸಮಸ್ತ ಸಿಬ್ಬಂದಿ ನಲ್ಲಿಗಳ ಕಡೆ ಓಡಿತು. ಯಾವ ನಲ್ಲಿಯಲ್ಲೂ ನೀರಿರಲಿಲ್ಲ.

ಹೆಣ ಮಾತ್ರ ಮಿಸುಕಲಿಲ್ಲ. ಅದಕ್ಕೆ ಕಾರಣವನ್ನು ಅವನೇ ನನಗೆ ಆಮೇಲೆ ಹೇಳಿದ. ಗಲಾಟೆ ಕೇಳಿ ಮೊದಲು, ಸ್ಟೋರ್ ಕೀಪರ್ ಕೊನೆಗಳಿಗೆಯಲ್ಲಿ ಹೊಸ ದೃಶ್ಯ ಸೇರಿಸಿರಬೇಕು ಎಂದುಕೊಂಡನಂತೆ. ಆಮೇಲೆ ಅತ್ತೆಯ ದನಿ ತೀರ ಹತ್ತಿರದಲ್ಲಿ ಕೇಳಿಸಿತಂತೆ.

ಅತ್ತೆ ಅವನ ತಲೆಯ ಹತ್ತಿರ ಕುಸಿದು ಕೂತಿದ್ದರು. “ಎಂಥಾ ಅಳಿಯ ರೀ ಇವರು! ನಲ್ಲಿ ಸೋರಿದ್ರೆ ಓಡಿ ಬರ್ತಿದ್ದಿದ್ದು ಇವರು. ಈ ದೊಡ್ಡ ಮನುಷ್ಯ ಇದ್ದಾನಲ್ಲ, ನನ್ನ ಮಗ, ಇವನು ಫೋನೇ ಎತ್ತಲ್ಲ! ನಾನು ಆಸ್ಪತ್ರೇಲಿದ್ದಾಗ ಮಂಚದ ಪಕ್ಕ ಕೂತಿದ್ದು ಯಾರು? ಇವರು! ನಿದ್ದೆ ಮಾತ್ರೆ ಕೊಟ್ರೂ ನಂಗೆ ನಿದ್ದೆ ಬರ್ತಿರ್ಲಿಲ್ಲ. ಇವರು ಕಾಲು ಕುಣಿಸಿ ಕುಣಿಸಿ, ಮಂಚ ತೊಟ್ಟಿಲ ಹಾಗೆ ಅಲ್ಲಾಡಿ, ಮಗು ಥರ ಮಲಗಿಬಿಟ್ಟೆ. ಒಂದು ದಿನ ಬಾಯಿಬಿಟ್ಟು ಹೇಳ್ಲಿಲ್ಲ ನಾನು!”

ಕಂಟ್ರಾಕ್ಟರ್ ತಲೆ ತಗ್ಗಿಸಿದ. ಸಭಾಂಗಣದಲ್ಲಿ ಮೂಗೊರೆಸಿಕೊಳ್ಳುವ ಸದ್ದು ಕೇಳಿಸಿತು. ಇಂಥ ಮಾತುಗಳನ್ನು ಇಷ್ಟು ವರ್ಷ ಕಾದು ಕೇಳುತ್ತಿರುವಾಗ ಯಾವ ಹೆಣ ತಾನೇ ಎದ್ದೀತು? “ಎದ್ರೆ ನಿಲ್ಲಿಸಿಬಿಡ್ತಾರಲ್ಲೋ” ಎಂದು ಅವನು ಆಮೇಲೆ ನನಗೆ ಹೇಳಿದ.

“ಅಂಥವರನ್ನ ಫೋಟೋದ ತುದಿಗೆ ನಿಲ್ಲಿಸಿದ್ನಲ್ಲ, ಪಾಪಿ ನಾನು!” ಎಂದು ಅತ್ತೆ ಎದೆ ಬಡಿದುಕೊಂಡರು. “ಒಂದೇ ಒಂದು ಸಲ ಎದ್ದುಬಿಡಿ ಅಳಿಯಂದಿರೇ. ಮಧ್ಯದಲ್ಲಿ ನಿಲ್ಲಿಸ್ತೀನಿ. ನನ್ನಾಣೆ, ಮಧ್ಯದಲ್ಲೇ ನಿಲ್ಲಿಸ್ತೀನಿ!”

ಹೊದಿಕೆಯ ಬಲತುದಿಯಲ್ಲಿ ಒಂದು ಹೆಬ್ಬೆರಳು ಮಿಸುಕಿತು.

ಆಮೇಲೆ ಹಿಮ್ಮಡಿ. ಆಮೇಲೆ ಮೊಣಕಾಲು. ನೋಡನೋಡುತ್ತಿದ್ದಂತೆ ವೇದಿಕೆಯ ಹಲಗೆಗಳು ದಡದಡ ಎನ್ನತೊಡಗಿದವು. “ಕಾಲು!” ಎಂದು ಹೆಂಡತಿ ಕೂಗಿದಳು. “ಕಾಲು! ಕಾಲು!” ಎಂದು ಇಡೀ ಸಭಾಂಗಣ ಎದ್ದು ನಿಂತಿತು. ಕಚೇರಿಯಲ್ಲಿ ಯಾವ ಕಾಲಿನಿಂದಾಗಿ ತನಿಖೆ ನಡೆದಿತ್ತೋ ಅದೇ ಕಾಲಿಗೆ ಸಾಹೇಬರೂ ಚಪ್ಪಾಳೆ ತಟ್ಟಿದರು. ಅಷ್ಟು ಜೋರಾದ ಚಪ್ಪಾಳೆ ನಮ್ಮ ಇಲಾಖೆಯ ಯಾವ ನಾಟಕಕ್ಕೂ ಅದುವರೆಗೆ ಬಿದ್ದಿರಲಿಲ್ಲ.

ಚಡಪಡಿ ಒಂದು ಕಣ್ಣು ಮಾತ್ರ ತೆರೆದು, ಸುತ್ತ ಬಗ್ಗಿ ನಿಂತ ಮುಖಗಳಲ್ಲಿ ಸ್ಟೋರ್ ಕೀಪರನದನ್ನು ಹುಡುಕಿ ಕೇಳಿದ. “ತೆರೆ ಬಿತ್ತಾ?”

ಅತ್ತೆ ಕಣ್ಣೊರೆಸಿಕೊಂಡು, ಅದೇ ಕೈಯಲ್ಲಿ ಅವನ ಹೆಗಲಿಗೆ ಒಂದು ಏಟು ಕೊಟ್ಟರು. “ಎದೆ ಒಡೆಸಿಬಿಟ್ರಲ್ರೀ! ಇನ್ಮೇಲೆ ನೀವು ಸುಮ್ನಿದ್ರೆ ನೋಡಿ!”

ನಾಟಕ ಅಲ್ಲಿಗೇ ನಿಂತಿತು. ಆ ಶ್ರೀಮಂತನನ್ನು ಕೊಂದವರು ಯಾರು ಎಂಬುದು ಇವತ್ತಿಗೂ ಪತ್ತೆಯಾಗಿಲ್ಲ. ಬಿಲ್ ವಿಭಾಗದ ಗುಮಾಸ್ತ ಉರು ಹೊಡೆದ ಮಾತುಗಳೆಲ್ಲ ಅವನ ಹೊಟ್ಟೆಯಲ್ಲೇ ಉಳಿದಿವೆ. ಆದರೆ ಕೇಂದ್ರ ಎಂದರೇನು ಎಂಬ ವಾದವನ್ನು ಅವನು ಆಮೇಲೆ ಎತ್ತಲಿಲ್ಲ.

ಅತ್ತೆ ಕೊಟ್ಟ ಮಾತನ್ನು ಅಲ್ಲೇ ನಡೆಸಿದರು. ಇಲಾಖೆ ಕರೆಸಿದ್ದ ಫೋಟೋಗ್ರಾಫರನನ್ನು ವೇದಿಕೆಗೆ ಎಳೆದು ತಂದರು. ಬಂಧುಬಳಗ, ಪಾತ್ರಧಾರಿಗಳು, ನಾನು, ಎಲ್ಲರೂ ಸಾಲಾಗಿ ನಿಂತೆವು. ಚಡಪಡಿ ಅಭ್ಯಾಸಬಲದಿಂದ ತುದಿಗೆ ಹೋಗಿದ್ದ. ಅತ್ತೆ ಅವನ ರಟ್ಟೆ ಹಿಡಿದು ತಂದು, ಕಂಟ್ರಾಕ್ಟರನನ್ನು ಆಚೆ ತಳ್ಳಿ, ಹೆಣದ ಹೊದಿಕೆಯ ಸಮೇತ ಅವನನ್ನು ನಟ್ಟನಡುವೆ ನಿಲ್ಲಿಸಿದರು. ನಡುವಿನ ಜಾಗ ತಮ್ಮದೆಂದು ತಿಳಿದು ಬಂದಿದ್ದ ಸಾಹೇಬರಿಗೆ, “ನೀವು ಸ್ವಲ್ಪ ಆ ಕಡೆ,” ಎಂದರು. ಸಾಹೇಬರು ಆ ಕಡೆ ಹೋದರು. ಫೋಟೋಗ್ರಾಫರ್, “ಬೆಳಕು ಕಮ್ಮಿ ಇದೆ. ಯಾರೂ ಅಲುಗಾಡಬೇಡಿ,” ಎಂದ. ನಾನು ಕಣ್ಣಂಚಿನಲ್ಲಿ ಚಡಪಡಿಯನ್ನು ನೋಡಿದೆ. ಅವನು ತುಟಿಯಲ್ಲೇ ‘ಚುಕ್ಕೆ, ಚುಕ್ಕೆ’ ಎನ್ನುತ್ತಿದ್ದ.

ಆ ಫೋಟೋ ಈಗ ಅತ್ತೆಯ ಹಜಾರದಲ್ಲಿದೆ. ಹಳೆಯದನ್ನು ಇಳಿಸಿ ಅದೇ ಮೊಳೆಗೆ ತೂಗುಹಾಕಿದ್ದಾರೆ. ಮೊನ್ನೆ ನಾನೂ ಹೋಗಿ ನೋಡಿದೆ. ಎಲ್ಲರೂ ಬಹಳ ಸ್ಪಷ್ಟವಾಗಿ ಬಂದಿದ್ದಾರೆ. ಬಲತುದಿಯಲ್ಲಿ ಸಾಹೇಬರ ಒಂದು ಕಿವಿ ಮತ್ತು ಅರ್ಧ ಕನ್ನಡಕ ಕಾಣುತ್ತದೆ. ನಟ್ಟನಡುವೆ ಮಾತ್ರ ಒಂದು ಬಿಳಿಯ ಮಬ್ಬು. ಮುಖವಿಲ್ಲ, ಮೀಸೆಯಿಲ್ಲ, ಯಾರೋ ಒದ್ದೆ ಬೆರಳಿನಿಂದ ಉಜ್ಜಿದ ಹಾಗಿದೆ. ಮನೆಗೆ ಬಂದಿದ್ದ ನೆಂಟರೊಬ್ಬರು ಅದನ್ನು ನೋಡಿ, “ಅಯ್ಯೋ, ನಡುವೆಯೇ ಕೆಟ್ಟುಹೋಗಿದೆಯಲ್ಲ,” ಎಂದರು.

ಅತ್ತೆ ಎದ್ದು ಬಂದರು. ಅವರ ಬೆರಳು ಮಗನ ಮೇಲೆ, ಸೊಸೆಯ ಮೇಲೆ ಎಲ್ಲೂ ನಿಲ್ಲದೆ ನೆಟ್ಟಗೆ ಹೋಗಿ ಆ ಮಬ್ಬಿನ ಮೇಲೆ ಕೂತಿತು.

“ಕೆಟ್ಟಿಲ್ಲ ರೀ. ಇವರು ನಮ್ಮ ಅಳಿಯಂದಿರು,” ಎಂದರು. “ಅಲುಗಾಡಿದ್ದಾರೆ ನೋಡಿ. ಚೆನ್ನಾಗಿದ್ದಾರೆ.”